ಏಳೂಕಾಲರ ಫ್ಯಾನು

ಜೂನ್ 16, ಸೋಮವಾರ

ಇವತ್ತೂ ತಡ. ಏಳೂಕಾಲಿಗೆ ಶುರುವಾಗಬೇಕಾದ ಫ್ಯಾನು ಏಳೂವರೆ ಹತ್ತಿರ ಶುರುವಾಯಿತು. ಅಡುಗೆಮನೆಯಲ್ಲಿ ಮೆಂತ್ಯ ಸೋಸುತ್ತಿದ್ದೆ. ಆ ಕೋಣೆಯಿಂದ ಗುರ್ ಅಂತ ಸದ್ದು, ಹಿಂದೆಯೇ ಒಂದು ಸಣ್ಣ ಬೀಪ್. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಬಸ್ಸ ತಡಾ ಆಗಿರಬೇಕು" ಅಂದರು. ಮತ್ತೆ ಬಡಿಯತೊಡಗಿದರು.

ಮೈ ಜುಮ್ಮೆಂದಿತು. ಕಾರಣ ಗೊತ್ತಿದ್ದೂ. ಬರೆದಿಡುತ್ತೇನೆ, ಕತ್ತಲಾದ ಮೇಲೆ ಕಾರಣಗಳು ಮರೆತುಹೋಗುತ್ತವೆ. ಆ ಫ್ಯಾನು ಕಂಪ್ಯೂಟರಿನದು. ಅದರೊಳಗೆ ಒಂದು ಗಡಿಯಾರ ಇದೆ. ಇಂಥ ಹೊತ್ತಿಗೆ ತಾನೇ ಆನ್ ಆಗು ಅಂತ ಸೆಟಿಂಗ್ ಮಾಡಿಡಬಹುದು. ಸುಶೀಲ ಮಾಡಿಟ್ಟಿದ್ದ. ಭಾಲ್ಕಿಯ ಐಟಿಐಯಲ್ಲಿ ಪಾಠ ಮುಗಿಸಿ, ಬೀದರಿನಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ತಯಾರಿರಲಿ ಅಂತ. ಫೆಬ್ರವರಿಯಲ್ಲಿ ಔರಾದ ರಸ್ತೆಯಲ್ಲಿ ಬೈಕ್ ಬಿದ್ದು ಅವನು ಹೋದ. ಸೆಟಿಂಗ್ ಹೋಗಲಿಲ್ಲ. ಪ್ಲಗ್ ಕಿತ್ತರೆ ಮುಗಿಯಿತು. ಯಾರೂ ಕಿತ್ತಿಲ್ಲ.

ಮಾವನಿಗೆ ಇದನ್ನೆಲ್ಲ ಮಾರ್ಚಿನಲ್ಲೇ ಹೇಳಿದ್ದೆ. ಕಾರಣ ಇದ್ದ ಮೇಲೆ ಅದು ಭೂತ ಅಲ್ಲ ಅಂದರು, ಪೇಪರ್ ತೆರೆದರು. ಅತ್ತೆಗೆ ಮಾತ್ರ ಹೇಳಲು ಬಾಯಿ ಬಂದಿಲ್ಲ.

ಬದುಕಿದ್ದಾಗ ಗಂಡನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ ನಾನು. ಇಲ್ಲಿ ಮಾತ್ರ ಸುಶೀಲ, ಇಲ್ಲಿ ಮಾತ್ರ 'ಅವನು'. ಯಾರು ಓದುತ್ತಾರೆ.

ಜೂನ್ 18, ಬುಧವಾರ

ಮೇಜಿನ ಮೇಲೆ ರಟ್ಟಿನ ಡಬ್ಬಿ, ಡಬ್ಬಿಯ ಮೇಲೆ ಮದರ್‌ಬೋರ್ಡ್, ಪಕ್ಕದಲ್ಲಿ ಇಟ್ಟಂಗಿಯಷ್ಟು ದಪ್ಪನೆಯ ಪವರ್ ಸಪ್ಲೈ, ಸುತ್ತ ವೈರುಗಳ ಕರುಳು. ತಿಂಗಳಿಗೊಂದು ಪಾರ್ಟ್ ತಂದು ಕೂಡಿಸಿದ. ಎಲ್ಲ ಬಂತು, ಇವನ್ನೆಲ್ಲ ಮುಚ್ಚುವ ಕ್ಯಾಬಿನೆಟ್ ಒಂದು ಬಿಟ್ಟು. ಹೆಣ್ಣು ನೋಡಲು ನಮ್ಮೂರು ಡಾಬಕಾಕ್ಕೆ ಬಂದವನು ಚೂಡಾ ತಿಂದು ಮುಗಿಸುವುದರೊಳಗೆ ನನ್ನನ್ನು ಒಪ್ಪಿದ. ಈ ತಗಡಿನ ಡಬ್ಬಿ ಒಪ್ಪಲು ಅವನಿಗೆ ಒಂದು ವರ್ಷ ಸಾಲಲಿಲ್ಲ.

ಕ್ಯಾಬಿನೆಟ್ ಇಲ್ಲದ್ದಕ್ಕೆ ಬಟನ್ನೂ ಇಲ್ಲ. ಬೋರ್ಡಿನ ಮೂಲೆಯ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಚಾಲೂ. ಆ ಕೈಗುಣ ಅವನದ್ದೇ, ನಾವ್ಯಾರೂ ಮುಟ್ಟಿದವರಲ್ಲ. ಈಗ ಅದು ತಾನಾಗಿ ಬರುತ್ತದೆ. ಸ್ಕ್ರೀನಿನಲ್ಲಿ ಅವನ ಹೆಸರು, ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಪಟ್ಟಿ. ಕರ್ಸರ್ ಮಿಟುಕುತ್ತ ಕಾಯುತ್ತದೆ. ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಸ್ವಲ್ಪ ಹೊತ್ತು ಎದುರು ಕೂತು, ಶಟ್‌ಡೌನ್ ಒತ್ತಿ ಬರುತ್ತೇನೆ.

ಚಹಾದ ವಿಷಯ ಬರೆಯಲೇಬೇಕು. ಫ್ಯಾನು ಶುರುವಾದ ಕೂಡಲೇ ಅತ್ತೆ ಕಪ್ಪು-ಬಸಿ ತಂದು ಆ ಮೇಜಿನ ಅಂಚಿಗಿಟ್ಟು ಹೋಗುತ್ತಾರೆ. ಮಾರ್ಚಿನಿಂದ ಹೀಗೇ. ನಮ್ಮ ಮನೆಯಲ್ಲಿ ಇದು ನಡೆಯಬಾರದ್ದು. ಮಾವ ಹುಡುಗನಿದ್ದಾಗಲೇ ಬೌದ್ಧ ದೀಕ್ಷೆ ತಗೊಂಡವರು. ಬುದ್ಧ, ಬಾಬಾಸಾಹೇಬರ ಫೋಟೊ ಬಿಟ್ಟರೆ ಗೋಡೆಯ ಮೇಲೆ ಮತ್ತೇನಿಲ್ಲ. ತಿಥಿ ಇಲ್ಲ, ಪಿಂಡ ಇಲ್ಲ, ಸತ್ತವರಿಗೆ ಎಡೆ ಇಡುವುದಿಲ್ಲ. ಸುಶೀಲ ಹೋದಾಗ ವಿಹಾರದ ಭಂತೇಜಿ ಬಂದು ವಂದನೆ ಹೇಳಿ ಪುಣ್ಯಾನುಮೋದನ ಮಾಡಿಸಿದರು, ಅಷ್ಟೇ. ಅಂಥ ಮನೆಯಲ್ಲಿ ಅತ್ತೆ ಸತ್ತ ಮಗನಿಗೆ ದಿನಾ ಚಹಾ ಇಡುತ್ತಿದ್ದಾರೆ.

ಮೊದಲ ದಿನ ಚಹಾ ಆರಿ ಕೆನೆ ಕಟ್ಟಿತ್ತು. ಇದು ತುಂಬಿದ್ದು ತುಂಬಿದಂತೆ ವಾಪಸು ಹೋದರೆ ಅತ್ತೆಯ ಜೀವ ಏನಾದೀತು ಅಂತ ನಾನೇ ಕುಡಿದೆ. ಮರುದಿನವೂ ಕುಡಿದೆ. ದಿನಾ ಖಾಲಿಯಾಗುವ ಕಪ್ಪು ನೋಡಿ ಅವರು ಏನೆಂದುಕೊಂಡಾರು ಅಂತ ಹೊಳೆದದ್ದು ತಡವಾಗಿ. ಮನೆಯಲ್ಲಿ ಇಲ್ಲದ ಭೂತವನ್ನು ಸಾಕುತ್ತಿರುವವಳು ನಾನು. ಒಂಬತ್ತನೇ ಕ್ಲಾಸಿನ ವಿಜ್ಞಾನದ ಟೀಚರ್.

ಇವತ್ತು ಬಸಿಯಲ್ಲಿ ಎರಡು ಬಿಸ್ಕೀಟೂ ಇದ್ದವು.

ಜೂನ್ 22, ರವಿವಾರ

ಹಲ್ಲಿ ಸತ್ತಿತು. ಸಂಜೆ ಫ್ಯಾನು ಶುರುವಾಗುತ್ತಲೇ ಕರಕರ ಅಂತ ಕೆಟ್ಟ ಸದ್ದು, ಕಮಟು ವಾಸನೆ. ಓಡಿಹೋಗಿ ಪ್ಲಗ್ ಕಿತ್ತೆ. ಹಲ್ಲಿ ತೆಗೆದು, ಒರೆಸಿ, ಮತ್ತೆ ಹಚ್ಚಿದೆ.

ಮಾವ ಬಾಗಿಲವರೆಗೆ ಬಂದರು. ಒಳಗೆ ಬರಲಿಲ್ಲ. ಫೆಬ್ರವರಿಯಿಂದ ಆ ಹೊಸ್ತಿಲು ದಾಟಿಲ್ಲ ಅವರು.

"ಇವತ್ತ ಹಲ್ಲಿ, ನಾಳಿ ಇಲಿ. ತಂತಿ ಕಡದ್ರ ಮನಿ ಹತ್ತಿ ಉರೀತದ. ಡಬ್ಬಿ ತಂದು ಮುಚ್ಚು ಮಾಯಾ, ಇಲ್ಲಂದ್ರ ಮಾರು. ಅರ್ಧಾ ಕೆಲಸಾ ಹಿಂಗ ಬಿಡಬಾರದು."

ಅತ್ತೆ ಊಟಕ್ಕೆ ಬಡಿಸುತ್ತ, ನನ್ನ ಮುಖ ನೋಡದೆ, "ಮುಚ್ಚಿದ್ರ ಮುಚ್ಚು. ಗಾಳಿ ಆಡಂಗಿರಲಿ. ಉಸಿರು ಕಟ್ಟಬಾರದು" ಅಂದರು.

ಜೂನ್ 25

ಫೋನಿನಲ್ಲಿ ಕ್ಯಾಬಿನೆಟ್ ನೋಡಿ ನೋಡಿ ಕಣ್ಣುರಿ. ಎದುರಿಗೆ ತೂತುತೂತಿನ ಜಾಳಿ ಇದ್ದರೆ ಒಳಗೆ ತಂಪು, ಆದರೆ ಧೂಳೂ ಒಳಗೆ. ಪಕ್ಕಕ್ಕೆ ಗಾಜಿದ್ದರೆ ನೋಡಲು ಚೆಂದ, ಬೀದರಿನ ಮೇ ತಿಂಗಳಿಗೆ ಒಲೆ. ಸುಶೀಲ ಸೋಮವಾರ ಜಾಳಿಯವನು, ಗುರುವಾರ ಗಾಜಿನವನು. ನನ್ನ ಮುಖದ ಮುಂದೆ ಫೋನ್ ಹಿಡಿದು ಯಾವುದು ಅಂತ ಕೇಳುತ್ತಿದ್ದ. ಯಾವುದಾದರೊಂದು ತಗೊಳ್ಳಿ ಅನ್ನುತ್ತಿದ್ದೆ.

ಮಾವನಿಗೆ ಹಲ್ಲಿ ನುಗ್ಗಬಾರದು, ಅತ್ತೆಗೆ ಗಾಳಿ ಆಡಬೇಕು. ನನಗೆ ಬೇಕಾದದ್ದು ಯಾವ ವೆಬ್‌ಸೈಟಿನಲ್ಲೂ ಬರೆದಿಲ್ಲ — ಮುಚ್ಚಿದ ಮೇಲೂ ಫ್ಯಾನಿನ ಸದ್ದು ಅಡುಗೆಮನೆವರೆಗೆ ಕೇಳಬೇಕು. ಕೇಳದಿದ್ದರೆ ಅತ್ತೆ ಏನಾಗುತ್ತಾರೋ ಅನ್ನುವುದೇ ಹೆದರಿಕೆ. ನನ್ನದೂ ಇದೆ, ಸುಳ್ಳು ಯಾಕೆ.

ಬಸಿಯಲ್ಲಿ ಇವತ್ತು ಸಕ್ಕರೆ-ತುಪ್ಪ ಸವರಿ ಸುತ್ತಿದ ಚಪಾತಿ. ಎಡೆ ದಿನೇ ದಿನೇ ಬೆಳೆಯುತ್ತಿದೆ. ತಿಂದೆ, ಮತ್ತೇನು ಮಾಡಲಿ. ಸ್ಟಾಫ್ ರೂಮಿನಲ್ಲಿ ಸಿದ್ದೇಶ್ವರಿ ಟೀಚರ್ ನನ್ನ ಸಡಿಲ ಬ್ಲೌಸು ನೋಡಿ ಯಾವ ಡಯೆಟ್ ಅಂತ ಕೇಳಿದಳು.

ಜುಲೈ 8, ಮಂಗಳವಾರ

ಡಾಬಕಾದಿಂದ ಬಂದೆ. ಅವ್ವನಿಗೆ ಜ್ವರ ಅಂತ ಹೋದದ್ದು. ಇಲ್ಲೇ ಇದ್ದುಬಿಡು, ಅಲ್ಲಿ ಯಾರಿದ್ದಾರೆ ನಿನಗೆ ಅಂದಳು. ಏಳೂಕಾಲಾದರೆ ಅಲ್ಲಿಯೂ ಕಿವಿ ನೆಟ್ಟಗಾಗುತ್ತಿತ್ತು.

ಬರುವಾಗ ಔರಾದ ರಸ್ತೆಯಲ್ಲಿ ಅವನ ಬೈಕ್ ಬಿದ್ದ ಆ ತಿರುವು ಬಂತು. ಕಣ್ಣು ಮುಚ್ಚಿಕೊಂಡೆ. ಬಸ್ಸು ಅಲ್ಲೇ ನಿಧಾನ ಮಾಡಿತು, ಯಾರೋ ಹತ್ತಿದರು, ನನ್ನ ಪಕ್ಕ ಕೂತರು. ಬೀದರ ಬರುವವರೆಗೆ ಕಣ್ಣು ತೆರೆಯಲಿಲ್ಲ. ತೆರೆದಾಗ ಪಕ್ಕದ ಸೀಟು ಖಾಲಿ. ನಡುವೆ ಇಳಿದಿರಬೇಕು. ಜನ ಇಳಿಯುತ್ತಾರೆ.

ನಾನಿಲ್ಲದಾಗ ಫ್ಯಾನು ಬಂದಿತ್ತಾ ಅಂತ ಮಾವನನ್ನು ಕೇಳಿದೆ. ದಿನಾ ಬಂದಿದೆಯಂತೆ, ಇನ್ನಷ್ಟು ತಡವಾಗಿ. ಶಟ್‌ಡೌನ್ ಮಾಡುವವರಿಲ್ಲದೆ ರಾತ್ರಿಯಿಡೀ ಉರಿದು, ಬೆಳಿಗ್ಗೆ ಕರೆಂಟು ಹೋದಾಗ ಆರಿದೆ. ಚಹಾ? ಇಟ್ಟಿಲ್ಲವಂತೆ, ಒಂದು ದಿನವೂ. ನಾನಿಲ್ಲದೆ ಒಬ್ಬರೇ ಆ ಕೋಣೆಗೆ ಹೋಗಲು ಅತ್ತೆಗೆ ಹೆದರಿಕೆಯಾಗಿರಬೇಕು. ಪಾಪ ಅನ್ನಿಸಿತು.

ಜುಲೈ 12, ಶನಿವಾರ. ಮಧ್ಯಾಹ್ನ, ಅಂಗಡಿಯಲ್ಲೇ ಕೂತು

ಸ್ಕೂಲು ಮುಗಿಸಿ, ಬೋರ್ಡು ಗೀರ್ಡು ಎಲ್ಲ ಹಳೇ ಟವೆಲಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ಬಂದೆ. ಬಸ್‌ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ಅಂಗಡಿ. ನಡೆಸುವವಳು ಫರ್ಹೀನ. ಟವೆಲ್ ಬಿಚ್ಚಿದ ಕೂಡಲೇ ಬೋರ್ಡಿನ ಗುರುತು ಹಿಡಿದಳು. ಸುಶೀಲ ಸರ್ ಅವರ ಮನೆಯವರಾ ಅಂತ ಕೇಳಿದಳು. ತಿಂಗಳಿಗೆರಡು ಸಲ ಬರುತ್ತಿದ್ದನಂತೆ, ಕ್ಯಾಬಿನೆಟ್ ಎಲ್ಲ ಬಿಚ್ಚಿಸಿ ನೋಡಿ, ನೀರು ಕುಡಿದು ಹೋಗುತ್ತಿದ್ದನಂತೆ.

ಜಾಳಿಯದೊಂದನ್ನು ಬಿಚ್ಚಿ ತೋರಿಸಿದಳು. ಒಳಗೆ ಕಪ್ಪು ತಗಡಿನ ಮೇಲೆ ಪೆನ್ಸಿಲಿನ ಗುರುತು. ಬೆಳಕಿಗೆ ತಿರುಗಿಸಿದರೆ ಮಾತ್ರ ಹೊಳೆಯುತ್ತದೆ. ಒಂದು ಗೀಟು, ಗೀಟಿನ ಕೆಳಗೆ ಸಣ್ಣ ಗುಣಿಸು ಚಿಹ್ನೆ. ಗೋಡೆಗೆ ಡ್ರಿಲ್ ಹಾಕುವ ಮೊದಲು ಅವನು ಹಾಕುವ ಗುರುತು. ನಮ್ಮ ಮನೆಯ ಪ್ರತಿ ಮೊಳೆಯ ಹಿಂದೆ ಅದಿದೆ. ಇದನ್ನೇ ಆರಿಸಿದ್ದ, ಹೇಳದೆ ಹೋದ, ಈಗ ತೋರಿಸುತ್ತಿದ್ದಾನೆ — ಆ ಕ್ಷಣ ನಿಜಕ್ಕೂ ಹಾಗೇ ನಂಬಿದೆ.

ಫರ್ಹೀನ ಪಕ್ಕದ ಗಾಜಿನದನ್ನು ಬಿಚ್ಚಿದಳು. ಅದರಲ್ಲೂ ಗುರುತು. ಮೂರನೆಯದು, ದಪ್ಪ ಬಾಗಿಲಿನ ಸೈಲೆಂಟ್ ಕ್ಯಾಬಿನೆಟ್. ಅದರಲ್ಲೂ.

"ಸರ್ ಮೂರಕ್ಕೂ ಅಳತಿ ಹಾಕ್ಯಾರರಿ. ಮೂರೂ ಬರೋಬ್ಬರಿ ಕೂಡ್ತಾವ ಅಂತಿದ್ರು. ಒಂದೂ ಒಯ್ಲಿಲ್ಲ."

ಸಿಟ್ಟು ಬಂತು. ಅಂಗಡಿಯಲ್ಲಿ ನಿಂತು ಸತ್ತ ಗಂಡನ ಮೇಲೆ ಕೆಂಡದಂಥ ಸಿಟ್ಟು. ಸತ್ತೂ ನನ್ನನ್ನೇ ಕೇಳುತ್ತಿದ್ದಾನೆ, ಯಾವುದು ಅಂತ. ಯಾವುದಾದರೊಂದು ಅನ್ನಲು ಈಗ ಬರುವುದಿಲ್ಲ.

ಸೈಲೆಂಟ್ ತಗೊಳ್ಳಿ, ಸದ್ದೇ ಬರುವುದಿಲ್ಲ ಅಂದಳು ಫರ್ಹೀನ. ಸದ್ದು ಬರುವುದು ಬೇಕು ಅಂದೆ. ನನ್ನನ್ನೊಮ್ಮೆ ನೋಡಿ, ಜಾಳಿಯದನ್ನು ಮುಂದೆ ಸರಿಸಿದಳು. ಜಾಳಿಯದೇ ಸರಿ. ಜಾಳಿ ಸಣ್ಣದು, ಹಲ್ಲಿಮರಿಯೂ ತೂರದು. ನೆತ್ತಿಯ ಮೇಲೆ ಬಟನ್. ಸುಮ್ಮನೆ ಒತ್ತಿ ನೋಡಿದೆ. ಖಾಲಿ ಡಬ್ಬಿ, ಟಕ್ ಅಂದಿತು.

ಈಗ ಒಳಗೆ ಕೂಡಿಸುತ್ತಿದ್ದಾಳೆ. ನೋಡಲಾಗದೆ ಇತ್ತ ತಿರುಗಿ ಬರೆಯುತ್ತಿದ್ದೇನೆ.

ಅದೇ ದಿನ, ಊಟದ ಹೊತ್ತು ದಾಟಿ

ಬರಲಿಲ್ಲ.

ಮೇಜು ಒರೆಸಿ, ಕ್ಯಾಬಿನೆಟ್ ಇಟ್ಟು, ಪ್ಲಗ್ ಹಾಕಿ ಕಾದೆ. ಏಳೂಕಾಲು. ಏಳೂವರೆ. ಇನ್ನೂ ತಡವಿರಬೇಕು ಅಂತ ಎಂಟರವರೆಗೆ. ಅಡುಗೆಮನೆಯಲ್ಲೂ ಸದ್ದಿಲ್ಲ, ಅತ್ತೆಯೂ ಕಾಯುತ್ತಿದ್ದಾರೆ. ಫರ್ಹೀನಳಿಗೆ ಫೋನ್ ಮಾಡಿದೆ. ಬೋರ್ಡಿನಲ್ಲಿದ್ದ ನಾಣ್ಯದಂಥ ಸೆಲ್ ಪೂರ್ತಿ ಇಳಿದಿತ್ತಂತೆ, ಗಡಿಯಾರ ಅದಕ್ಕೇ ಹಿಂದೆ ಬೀಳುತ್ತಿತ್ತಂತೆ. ತಾನೇ ಹೊಸದು ಹಾಕಿದ್ದಾಳೆ, ದುಡ್ಡೂ ಹಿಡಿದಿಲ್ಲ. "ಹಳೀ ಸೆಟಿಂಗ್ ಎಲ್ಲಾ ಹೋಗಿರತಾವರಿ ಮೇಡಂ. ಏನರ ಮುಖ್ಯ ಇತ್ತೇನ್ರಿ?"

ಇಲ್ಲ ಅಂದೆ.

ತಡವಾದದ್ದು ಬಸ್ಸಲ್ಲ, ಸೆಲ್ಲು. ಕೈಯಾರೆ ಒಯ್ದು ಕಳೆದುಬಂದೆ. ಕತ್ತಲಲ್ಲಿ ಕೂತು ಅತ್ತುಬಿಟ್ಟೆ. ಅವನು ಹೋದ ದಿನವೂ ಹೀಗೆ ಅತ್ತಿರಲಿಲ್ಲ.

ಅತ್ತೆ ಬಂದರು. ಕಪ್ಪು-ಬಸಿ, ಸುತ್ತಿದ ಚಪಾತಿ. ಮೇಜಿನ ಮೇಲಿಡಲಿಲ್ಲ. ನನ್ನ ಕೈಗೆ ಕೊಟ್ಟರು. ಇದು ನಿಮ್ಮ ಮಗನದ್ದಲ್ಲವೇ ಅಂತ ಕೇಳಿದೆ.

"ಅವನಿಗಿ ನಾ ಯಾಕ ಇಡಲಿ? ಅವ ಇಲ್ಲಂತ ನನಗ ಗೊತ್ತಿಲ್ಲೇನು? ಹಡದಾಕಿ ನಾನ. ಮಾರ್ಚದಾಗ ನಿನಗ ಕೈಯಾಗ ಕೊಟ್ರ ಒಲ್ಲೆ ಅಂತಿದ್ದಿ. ಒಂದಿನ ಇಲ್ಲಿಟ್ಟು ಹೋದೆ, ಕುಡದಿ. ಬಿಸ್ಕೀಟ ಇಟ್ಟೆ, ತಿಂದಿ. ಆಮ್ಯಾಲ ಚಪಾತಿ ಇಟ್ಟೆ. ಹೆಂಗರ ಹೊಟ್ಟಿಗಿ ಹೋಗ್ಲಿಕತ್ತದಲ್ಲ ಅಂತ ಸುಮ್ಮ ಇದ್ದೆ."

ಅವರನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಎಷ್ಟು ತಿಂಗಳು. ಎಂಥ ಹುಚ್ಚಿ ನಾನು. ಹಾಗಾದರೆ ಬಸ್ಸು ತಡ ಅಂದಿರಲ್ಲ ಅಂತ ಕೇಳಿದೆ. ಸೆರಗಿನ ತುದಿ ಮಡಚಿದರು, ಬಿಚ್ಚಿದರು.

"ಬಾಯಿಗಿ ಬಂತು, ಅಂದೆ. ನಾ ನಂಬಿದ್ದೆನೋ ಇಲ್ಲೋ ಕೇಳಬ್ಯಾಡ. ಆ ಸಪ್ಪಳಾ ಬಂದ್ರ ಮನ್ಯಾಗ ಒಬ್ರು ಹೆಚ್ಚಿದ್ದಂಗ ಇರ್ತಿತ್ತು."

ಚಪಾತಿ ಅವರ ಎದುರೇ ತಿಂದೆ.

ಜುಲೈ 13, ರವಿವಾರ

ಬಟನ್ ಒತ್ತಿ, ಸೆಟಿಂಗ್ ಇರುವ ನೀಲಿ ಪುಟ ತೆರೆದೆ. ಹೊತ್ತು ಹಾಕುವ ಜಾಗದಲ್ಲಿ ಸೊನ್ನೆ, ಸೊನ್ನೆ. ಏಳು, ಹದಿನೈದು ಅಂತ ಹೊಡೆದರೆ ಆಯಿತು. ಹೊಡೆಯಲಿಲ್ಲ. ನಾನು ಇಟ್ಟರೆ ಅದು ನನ್ನದು, ಅವನದ್ದಲ್ಲ. ನಾನೇ ಕರೆದು ನಾನೇ ಬೆಚ್ಚಿಬೀಳಲು ಮನಸ್ಸಿಲ್ಲ. ಆಫ್ ಮಾಡಿದೆ.

ಜುಲೈ 17

ಸದ್ದಿಲ್ಲದ ಏಳೂಕಾಲು ಇನ್ನೂ ಕೆಟ್ಟದ್ದು. ರೊಟ್ಟಿ ಬಡಿಯುವುದು ನಿಲ್ಲುತ್ತದೆ. ಪಡಸಾಲೆಯಲ್ಲಿ ಮಾವನ ಪೇಪರಿನ ಪುಟ ತಿರುಗುವುದಿಲ್ಲ. ಮೂವರೂ ಮೂರು ಕಡೆ ಉಸಿರು ಹಿಡಿದು ಕೂತಿರುತ್ತೇವೆ. ಆಮೇಲೆ ಮಾವ ಅಲ್ಲಿಂದಲೇ ಟೈಮ್ ಎಷ್ಟು ಅಂತ ಕೂಗಿ ಕೇಳುತ್ತಾರೆ. ವಾಚು ಅವರ ಕೈಯಲ್ಲೇ ಇರುತ್ತದೆ.

ಜುಲೈ 21, ಸೋಮವಾರ. ಸಂಜೆ, ಏಳು ದಾಟಿದೆ

ಆ ಕೋಣೆಯಲ್ಲೇ ಕೂತು ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಪಡಸಾಲೆಯಲ್ಲಿ ಪೇಪರ್ ಮಡಚಿದ ಸದ್ದು. ಹೆಜ್ಜೆ. ಒಂದು ಕ್ಷಣ ಎದೆ ಧಸಕ್ಕೆಂದಿತು — ಥೇಟ್ ಅವನ ಹೆಜ್ಜೆ. ಮಾವ. ಅಪ್ಪ-ಮಗನ ನಡಿಗೆ ಒಂದೇ ಅಂತ ಇಷ್ಟು ದಿನ ಗಮನಿಸಿರಲಿಲ್ಲ.

ಹೊಸ್ತಿಲಲ್ಲಿ ನಿಂತರು. ಆಮೇಲೆ ದಾಟಿದರು.

ಕ್ಯಾಬಿನೆಟ್ ಸುತ್ತ ನೋಡಿದರು, ಜಾಳಿಯ ಮೇಲೆ ಬೆರಳಾಡಿಸಿದರು. "ಇದೇನವ್ವಾ ಬಟನ್? ಯಾರು ಒತ್ತಿದ್ರೂ ನಡೀತದೇನು?"

ಯಾರು ಒತ್ತಿದರೂ ನಡೆಯುತ್ತದೆ ಅಂದೆ.

ವಾಚು ನೋಡಿಕೊಂಡರು. ಏಳೂಕಾಲು ಇನ್ನೂ ಆಗಿಲ್ಲ. ಬಟನ್ ಮೇಲೆ ಬೆರಳಿಟ್ಟು ನಿಂತೇ ಇದ್ದಾರೆ. ನಾನು ತಿದ್ದುತ್ತಿರುವವಳ ಹಾಗೆ ತಲೆ ಬಗ್ಗಿಸಿ ಇದನ್ನು ಬರೆಯುತ್ತಿದ್ದೇನೆ.

ಒತ್ತಿದರು.

ಫ್ಯಾನು. ಬೀಪ್. ಸ್ಕ್ರೀನಿನಲ್ಲಿ ಹೆಸರು. ಅಡುಗೆಮನೆಯಲ್ಲಿ ರೊಟ್ಟಿ ನಿಂತಿತು. ಅತ್ತೆ ಬರುತ್ತಿದ್ದಾರೆ, ತಟ್ಟೆಯಲ್ಲಿ ಕಪ್ಪು-ಬಸಿಗಳ ಸದ್ದು. ನಾವು ಮೂವರು. ತಟ್ಟೆಯಲ್ಲಿ ನಾಲ್ಕಿವೆ.

ಮಾವ ನೋಡಿದರು. ಏನೋ ಅನ್ನುತ್ತಾರೆ ಅಂದುಕೊಂಡೆ. ನಾಲ್ಕನೆಯದನ್ನು ತಾವೇ ಎತ್ತಿಕೊಂಡು, ಕ್ಯಾಬಿನೆಟ್ಟಿನ ಪಕ್ಕ ಇಟ್ಟರು.