ಅಳತೆ ಕೋಲು ಹೆತ್ತ ಮೀನು

ಮಾನ್ಯ ಮೀನುಗಾರಿಕೆ ಅಧಿಕಾರಿಗಳೇ,

ಮರಿ ಮೀನು ಹಿಡಿದ ಅಪರಾಧಕ್ಕೆಂದು ತಾವು ನನ್ನ ಭಾವನ ಬಲೆಯನ್ನು ಕಿತ್ತುಕೊಂಡು, ಪರವಾನಗಿಯನ್ನು ಅಮಾನತಿನಲ್ಲಿಟ್ಟಿದ್ದೀರಿ. ಅವರು ಹಿಡಿದದ್ದು ಮರಿಗಳಲ್ಲ. ನಮ್ಮ ಜಲಾಶಯದ ಮೀನು ಈಗ ಬೆಳೆಯುವುದೇ ಅಷ್ಟು. ಅಷ್ಟಕ್ಕಿಳಿಸಿದವರು ತಾವು.

ಸಾಕ್ಷಿ ತಮ್ಮ ಕಚೇರಿಯಲ್ಲೇ ಸಿಕ್ಕಿತು. ಶೀತಲಗೃಹದ ಯಂತ್ರವನ್ನು ರಿಪೇರಿ ಮಾಡಲು ನಾನು ಬಂದಿದ್ದ ದಿನ, ಭಾವನಿಂದ ವಶಪಡಿಸಿಕೊಂಡ ಮೀನು ತಮ್ಮ ಕ್ಯಾಂಟೀನಿನಲ್ಲಿ ಸಾರಾಗಲು ಸಿದ್ಧವಾಗುತ್ತಿತ್ತು. ಸಾಕ್ಷ್ಯವನ್ನು ಹೀಗೆ ಜೀರ್ಣಿಸಿಕೊಳ್ಳುವ ಕ್ರಮ ನನಗೆ ಹೊಸದು. ಅಡುಗೆಯಮ್ಮ ಮೀನಿನ ಹೊಟ್ಟೆ ಸೀಳಿದವರೇ ತಮ್ಮ ತನಿಖಾಧಿಕಾರಿಯನ್ನು ಕೂಗಿದರು: "ಏನ್ ಸಾರ್, ಮರಿ ಅಂತ ಹಿಡ್ಕೊಂಡ್ ಬಂದ್ರಿ, ಎಲ್ಲಾ ತುಂಬು ಬಸುರಿಯರು!"

"ಅಳತೆ ಕೋಲಿಗಿಂತ ಚಿಕ್ಕದಿದ್ರೆ ಮರೀನೇ ಕಣಮ್ಮಾ."

"ಹಾಗಾದ್ರೆ ನಮ್ಮತ್ತೇನೂ ಮರೀನೇ ಬಿಡಿ. ನನ್ನ ಭುಜಕ್ಕೂ ಬರಲ್ಲ."

"ಸುಮ್ನೆ ಉಪ್ಪು ಹಾಕಮ್ಮಾ" ಎಂದು ತನಿಖೆ ಮುಗಿಯಿತು.

ಮಾನ್ಯರೇ, ಇದರಲ್ಲಿ ಪವಾಡವೇನಿಲ್ಲ. ಒಂದೇ ಜಾತಿಯಲ್ಲೂ ಕೆಲವು ಮೀನು ದೊಡ್ಡದಾದ ಮೇಲೆ ಮೊಟ್ಟೆಯಿಡುತ್ತವೆ, ಕೆಲವು ಚಿಕ್ಕದಿದ್ದಾಗಲೇ. ಆ ಗುಣ ಒಂದಿಷ್ಟಾದರೂ ಮರಿಗಳಿಗೆ ಇಳಿಯುತ್ತದೆ. ಕೋಲಿಗಿಂತ ದೊಡ್ಡದನ್ನು ಹಿಡಿಯಿರಿ, ಚಿಕ್ಕದನ್ನು ಬಿಡಿ ಎಂದು ತಮ್ಮ ಇಲಾಖೆ ದಶಕಗಳಿಂದ ಆಜ್ಞಾಪಿಸುತ್ತ ಬಂತು. ದೊಡ್ಡದಾಗಲು ಕಾದವು ಸಂತಾನವಿಲ್ಲದೆ ಬುಟ್ಟಿ ಸೇರಿದವು. ಅವಸರದವು ಮೊಟ್ಟೆಯಿಟ್ಟವು, ಅವುಗಳ ಮರಿಗಳೇ ನೀರು ತುಂಬಿದವು. ಕುಗ್ಗಬೇಕೆಂದು ಯಾವ ಮೀನೂ ತೀರ್ಮಾನಿಸಲಿಲ್ಲ. ತಮ್ಮ ಸುತ್ತೋಲೆಯನ್ನು ಯಾವುದೂ ಓದಿಲ್ಲ. ಬರೆದವರಿಗೂ ಅದು ಅರ್ಥವಾದಂತಿಲ್ಲ, ಆ ಮಾತು ಬೇರೆ.

ಇಷ್ಟೂ ಕಷ್ಟವೆನಿಸಿದರೆ ತಮ್ಮ ಕಚೇರಿಯ ಪಡಸಾಲೆಯಲ್ಲಿ ಒಮ್ಮೆ ನಿಂತು ನೋಡಿ. ತಲೆಯೆತ್ತಿ ಮಾತಾಡಿದವರಿಗೆ ವರ್ಗಾವಣೆಯಾಯಿತು. ತಗ್ಗಿಸಿದವರು ಉಳಿದರು; ಹೊಸಬರನ್ನು ಆರಿಸಿದವರೂ ಅವರೇ. ಈಗ ಅಲ್ಲಿ ಎತ್ತಿದ ತಲೆ ಎಷ್ಟು ಕಾಣುತ್ತವೆ?

ಮೀನು ಕುಗ್ಗಿದ್ದಕ್ಕೆ ತಾವು ಕಂಡುಕೊಂಡ ಪರಿಹಾರವೋ, ಕೋಲನ್ನು ಇನ್ನಷ್ಟು ಉದ್ದ ಮಾಡುವುದು! ಆ ಅಳತೆಯ ಮೀನು ತಮ್ಮ ಕೋಣೆಯ ಗೋಡೆಯ ಚಿತ್ರದಲ್ಲಿ ಮಾತ್ರ ಈಜುತ್ತಿದೆ.

ಭಾವನ ದೋಣಿ ದಡದಲ್ಲಿ ಬಿರುಕು ಬಿಡುತ್ತಿದೆ. ನನ್ನಕ್ಕ ಬೇರೆಯವರು ಹಿಡಿದ ಮೀನನ್ನು ಕೂಲಿಗೆ ಹಸನು ಮಾಡುತ್ತಿದ್ದಾಳೆ. ಆದ್ದರಿಂದ ಬಲೆಯನ್ನೂ ಪರವಾನಗಿಯನ್ನೂ ಈ ವಾರವೇ ಹಿಂದಿರುಗಿಸಿ. ಅಲ್ಲೊಂದು ಇಲ್ಲೊಂದು ಉಳಿದಿರುವ ದೊಡ್ಡ ಮೀನನ್ನೂ ನೀರಿಗೇ ಬಿಡಬೇಕೆಂದು ನಿಯಮ ಮಾಡಿ, ಅವೂ ತಾಯಿಯಾಗಲಿ. ಮೀನಿನ ಗಾತ್ರ ಮರಳಲು ತಮ್ಮ ಅಧಿಕಾರಾವಧಿ ಸಾಲದು. ಬಲೆ ಮರಳಲು ತಮ್ಮದೊಂದು ಸಹಿ ಸಾಕು.

ಇಂತಿ,
ಇಷ್ಟು ವರ್ಷ ತಲೆ ತಗ್ಗಿಸಿಯೇ ಬಂದುಹೋಗಿ, ಅದರಿಂದಲೇ ಉಳಿದುಕೊಂಡ,
ತಮ್ಮ ಶೀತಲಗೃಹದ ತಂತ್ರಜ್ಞ