ಪಕ್ಕದ ಚಾಪೆಯ ಉಸಿರು

ಖಾನಾಪುರ, ಜನವರಿ ೨೦೦೧

ಅವ್ವಾ,

ಹತ್ತು ದಿನದ ಧ್ಯಾನ ಶಿಬಿರ ಇವತ್ತು ಮುಗಿಯಿತು. ಅಲ್ಲಿ ಗುರುಗಳ ಹೊರತು ಬೇರೆ ಯಾರೊಂದಿಗೂ ಮಾತಾಡುವಂತಿಲ್ಲ. ಕಣ್ಣು ಮುಚ್ಚಿ, ಬಂದು ಹೋಗುವ ಉಸಿರನ್ನಷ್ಟೇ ಗಮನಿಸಬೇಕು. ನಾಲ್ಕನೆಯ ದಿನ ಬೆಳಿಗ್ಗೆ ಪಕ್ಕದ ಖಾಲಿ ಚಾಪೆಯ ಮೇಲೆ ಯಾರೋ ಉಸಿರಾಡುವುದು ಕೇಳಿಸಿತು. ಸೀಟಿಯಂಥ ಎಳೆತ, ಕೊನೆಗೊಂದು ಸಣ್ಣ ಕೆಮ್ಮು. ನಿನ್ನದೇ ದಮ್ಮು. ನಾನು ಎದ್ದು ಹೊರಗೆ ಓಡಿದೆ.

ಮಧ್ಯಾಹ್ನ ಗುರುಗಳಿಗೆ ಹೇಳಿದೆ. "ಅದನ್ನ ಓಡಸಬ್ಯಾಡ್ರಿ, ಹಿಡದೂ ಇಟಕೋಬ್ಯಾಡ್ರಿ. ಇದ್ದಷ್ಟು ಹೊತ್ತು ಸುಮ್ಮನ ಕುಂತು ಕೇಳ್ರಿ," ಅಂದರು.

ಬೆಳಗಾವಿಯ ಆಸ್ಪತ್ರೆಯಲ್ಲಿ ಆ ಸದ್ದು ಕೇಳಲಾರದೆ, ಚಹಾದ ನೆಪ ಮಾಡಿ ನಾನು ಕೆಳಗಿಳಿದು ಹೋಗಿದ್ದೆ. ಮರಳಿ ಬಂದಾಗ ನಿನ್ನ ಮುಖದ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು.

ಮರುದಿನ ಆ ಉಸಿರು ಮತ್ತೆ ಬಂತು. ನಾನು ಏಳಲಿಲ್ಲ. ದಿನದಿಂದ ದಿನಕ್ಕೆ ಅದು ನಿಧಾನವಾಯಿತು. ನಿನ್ನೆ ಸಂಜೆ ಒಂದು ಉಸಿರು ಹೊರಗೆ ಹೋಯಿತು. ಮುಂದಿನದಕ್ಕೆ ಕಾದೆ, ಬರಲಿಲ್ಲ. ಆದರೂ ಗಂಟೆ ಬಾರಿಸುವವರೆಗೆ ಅಲ್ಲೇ ಕೂತಿದ್ದೆ.

ಇವತ್ತು ಮೌನ ಬಿಟ್ಟ ಮೇಲೆ, ನನ್ನ ಹಿಂದೆ ಕೂರುತ್ತಿದ್ದ ದೇಸೂರಿನ ಚಂದ್ರವ್ವ ಕೈ ಹಿಡಿದು ಕೇಳಿದಳು: "ನಿಮ್ಮ ಬಾಜೂಕ ಕುಂದರತಿದ್ದ ಹಿರ್ಯಾರು ಇವತ್ತ ಯಾಕ ಕಾಣವಲ್ರು? ಪಾಪ, ಭಾಳ ದಮ್ಮಿತ್ತು ಅವರಿಗೆ."

"ನಿನ್ನಿ ಹೋದ್ರರೀ," ಅಂದೆ. "ನಾ ಬಾಜೂಕ ಇದ್ದೆ."