ಎಡಗಡೆಯ ಗಳೆ

ಎಲಂಚೋಬೆ
ಶುಕ್ರವಾರ, ೨೨ ಜೂನ್ ೧೯೮೪

ಪ್ರೀತಿಯ ಮಿರೆಂಚು,

ಹೇಗಿದ್ದೀಯೆ? ಮೊಣಕಾಲು ಹೇಗಿದೆ? ಮಗಳ ಮನೆ ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟು ಕೂತಿದೆ ಅಂತ ಬರೆದಿದ್ದೆ. ಹಾಲು ತರುತ್ತೇನೆ, ಬ್ರೆಡ್ಡು ತರುತ್ತೇನೆ ಅಂತ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯಬೇಡ, ಅಳಿಯನಿಗೂ ದೇವರು ಎರಡು ಕಾಲು ಕೊಟ್ಟಿದ್ದಾನೆ. ನೆಕಾನೆಗೆ ಎದ್ದು ಕೂರುವಷ್ಟು ಶಕ್ತಿ ಬಂತೇ? ಬಾಣಂತಿಗೆ ಕೋಳಿ ಸಾರು ಮಾಡಿಕೊಡು, ಆ ಗಾಸ್ತೈಸ್ ಪಟ್ಟಣದ ಕೋಳಿಯಲ್ಲಿ ಏನು ರುಚಿಯಿರುತ್ತದೋ ಕಾಣೆ. ಅವಳಿಗಳಲ್ಲಿ ಗರಾಸಿ ಹಗಲಿಡೀ ಕೂಗುತ್ತಾಳೆ, ಉನೈ ಪಕ್ಕದಲ್ಲೇ ಗೊರಕೆ ಹೊಡೆಯುತ್ತಾನೆ ಅಂದೆಯಲ್ಲ, ಒಬ್ಬಳು ನಿನ್ನ ಹಾಗೆ, ಒಬ್ಬ ನನ್ನ ಹಾಗೆ, ಇನ್ನೇನು ಬೇಕು. ನಾನು ಗಟ್ಟಿಯಾಗಿದ್ದೇನೆ. ನೀನು ಹೋದಾಗಿನಿಂದ ಒಂದೇ ಪಾತ್ರೆಯಲ್ಲಿ ಬೀನ್ಸ್ ಕಾಳು ಬೇಯಿಸಿ ಮೂರು ದಿನ ತಿನ್ನುತ್ತೇನೆ, ನಾಲ್ಕನೇ ದಿನ ಉಪ್ಪು ಮೀನು ಹುರಿಯುತ್ತೇನೆ. ಸತ್ತಿಲ್ಲ, ಸೊರಗಿಯೂ ಇಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯೆ. ನಮ್ಮೂರ ಬಾರಿನ ಫೋನಿನಲ್ಲಿ ನಾನು ಮಾತಾಡಿದರೆ ಕೆಳಗೆ ಬಂದರಿನವರೆಗೂ ಕೇಳುತ್ತದೆ ಅಂತ ನೀನೇ ರೇಗುತ್ತಿದ್ದವಳು. ಅಲ್ಲದೆ ಈ ಸಲದ ಸುದ್ದಿ ನಿಂತುಕೊಂಡು ಹೇಳುವಂಥದ್ದಲ್ಲ. ಬಸ್ಸು ಹತ್ತುವ ಮೊದಲು ನೀನು ಬೆರಳು ತೋರಿಸಿ ಹೇಳಿದೆಯಲ್ಲ, "ನಾನು ವಾಪಸ್ ಬರೋದ್ರೊಳಗೆ ನೀನೂ ನನ್ನ ತಮ್ಮನೂ ಮಾತಾಡಿರಬೇಕು, ಇಲ್ದಿದ್ರೆ ನಾನು ಅಲ್ಲೇ ಮಗಳ ಮನೇಲೇ ಇದ್ಬಿಡ್ತೀನಿ" ಅಂತ. ನಾನು ಹೂಂ ಅನ್ನಲಿಲ್ಲ. ನಿನ್ನ ತಮ್ಮ ಬಿತ್ತೋರನ ಮುಖ ನೋಡುವ ಮನಸ್ಸು ನನಗೆ ಆಗ ಎಳ್ಳಷ್ಟೂ ಇರಲಿಲ್ಲ.

ಸಂತ ಪೇತ್ರನ ಹಬ್ಬಕ್ಕೆ ಇನ್ನೊಂದೇ ವಾರ. ಟ್ಯೂನಾ ಆಗಲೇ ಕೊಲ್ಲಿಯೊಳಗೆ ಬಂದಿದೆಯಂತೆ. ಬೇರೆ ದೋಣಿಗಳೆಲ್ಲ ಎರಡೂ ಗಳೆ ಏರಿಸಿಕೊಂಡು ಸಿದ್ಧವಾಗಿದ್ದವು, ನಮ್ಮ 'ಫೆಲಿಪಾ' ಮಾತ್ರ ಹೋದ ಸೆಪ್ಟೆಂಬರಿನಿಂದ ಒಂದೇ ಗಳೆಯಲ್ಲಿ, ನಿಮ್ಮಮ್ಮನ ಹೆಸರು ಇಟ್ಟದ್ದಕ್ಕೋ ಏನೋ, ಒಂದು ಕಡೆಗೆ ಮುನಿಸಿಕೊಂಡ ಹಾಗೆ ವಾಲಿ ನಿಂತಿತ್ತು. ಚಳಿಗಾಲದಲ್ಲೇ ಗುಡ್ಡದಿಂದ ಒಂದು ನೆಟ್ಟನೆಯ ನೀಲಗಿರಿ ಮರ ತಂದು, ಸಿಪ್ಪೆ ಸುಲಿದು, ನೆರಳಲ್ಲಿ ಒಣಗಿಸಿ ಇಟ್ಟಿದ್ದೆ. ಈ ಭಾಗವನ್ನು ಮೊಮ್ಮಕ್ಕಳ ತೊಟ್ಟಿಲ ಪಕ್ಕ ಕೂತು ಗಟ್ಟಿಯಾಗಿ ಓದು, ಈಗಿನಿಂದಲೇ ಕಿವಿಗೆ ಬೀಳಲಿ. ಮಕ್ಕಳೇ, ದೋಣಿಯ ಎರಡು ಪಕ್ಕಕ್ಕೂ ಒಂದೊಂದು ಉದ್ದನೆಯ ಗಳೆ. ಬಂದರಿನಲ್ಲಿ ಅವು ನೆಟ್ಟಗೆ ಮೇಲಕ್ಕೆ, ಸಮುದ್ರದಲ್ಲಿ ಕೈಚಾಚಿದ ಹಾಗೆ ಪಕ್ಕಕ್ಕೆ. ಒಂದೊಂದು ಗಳೆಗೆ ಐದೈದು ದಾರ. ತುದಿಯ ದಾರ ಎಲ್ಲಕ್ಕಿಂತ ಉದ್ದ, ಇಪ್ಪತ್ತು ಮಾರು, ಒಳಗೆ ಬಂದಂತೆಲ್ಲ ಗಿಡ್ಡ. ಇದು ತಿರುವುಮುರುವಾದರೆ ದೋಣಿ ತಿರುಗಿದಾಗ ಹತ್ತೂ ದಾರ ಸೇರಿ ಜಡೆ ಹೆಣೆದುಕೊಳ್ಳುತ್ತವೆ. ಪ್ರತಿ ದಾರದ ಕೊನೆಗೆ ಜೋಡಿ ಗಾಳ, ಗಾಳದ ಮೇಲೆ ಮುಸುಕಿನ ಜೋಳದ ಒಳಗಿನ ಬಿಳಿ ಸಿಪ್ಪೆ. ದೋಣಿ ಓಡುತ್ತಿದ್ದರೆ ಆ ಸಿಪ್ಪೆ ನೀರಿನ ಮೇಲೆ ಮರಿಮೀನಿನ ಹಾಗೆ ಚಿಮ್ಮುತ್ತದೆ, ಟ್ಯೂನಾ ಮಹಾಶಯ ಬಾಯಿ ಹಾಕುತ್ತಾನೆ. ಸಿಪ್ಪೆಯನ್ನು ನಿನ್ನ ಬಿಳಿ ಪಿಂಗಾಣಿ ಬಟ್ಟಲಲ್ಲಿ ನೆನೆಹಾಕಿದ್ದೇನೆ. ಬೈಯಬೇಡ, ಬೇರೆ ಪಾತ್ರೆಯಲ್ಲಿ ಬೀನ್ಸ್ ಇತ್ತು.

ಹೋದ ಸೆಪ್ಟೆಂಬರಿನಲ್ಲಿ ಏನಾಯಿತು ಅನ್ನುವುದು ನಿನಗೆ ಗೊತ್ತು, ಗೊತ್ತಿರುವಷ್ಟು ಗೊತ್ತು. ದಡದಿಂದ ಮೂವತ್ತು ಮೈಲಿ ಹೊರಗಿದ್ದೆವು. ದೋಣಿ ನಡೆಸುವ ತಾಂಡೇಲ ನಾನು, ಚುಕ್ಕಾಣಿ ನನ್ನ ಕೈಯಲ್ಲಿ. ಬಿತ್ತೋರ ಮೀನಿನ ಪೆಟ್ಟಿಗೆಯ ಮೇಲೆ ಕೂತು ಯಾರದೋ ಮದುವೆಯ ಕಥೆ ಹೇಳುತ್ತ, ನಗುವಿನ ಭರದಲ್ಲಿ "ಪಾದ್ರಿ" ಅಂದುಬಿಟ್ಟ. (ಈ ಪದವನ್ನು ನಾನು ಅಡಿಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ, ಆದರೂ ಎಡಗೈಯಲ್ಲಿ ಒಲೆಯ ಕಬ್ಬಿಣ ಮುಟ್ಟಿಕೊಂಡೇ ಬರೆದೆ.) ಸಮುದ್ರದ ಮೇಲೆ ಆ ಪದ ಅಪಶಕುನ, ಬಾಯಿತಪ್ಪಿ ಬಂದರೆ ಕಬ್ಬಿಣ ಮುಟ್ಟಬೇಕು; ಅಲ್ಲಿ ಆತನನ್ನು ನಮ್ಮಪ್ಪ, ತಾತ, ಯಾರೂ 'ಕರಿ ಕೋಟಿನವನು' ಅಂತಲ್ಲದೆ ಕರೆದವರಲ್ಲ. "ಲೇ, ಕಬ್ಬಿಣ ಮುಟ್ಟೋ!" ಅಂತ ಕೂಗಿದೆ. "ಅಯ್ಯೋ ಭಾವ, ಆ ಮುದುಕ ಈಗ ಮನೇಲಿ ಮಲಗಿರ್ತಾನೆ ಬಿಡು" ಅಂತ ನಕ್ಕ, ಮುಟ್ಟಲಿಲ್ಲ. ಕಾಲು ಗಂಟೆ ಆಗಿರಲಿಲ್ಲ, ಎಡಗಡೆಯ ಗಳೆ ಹಿಂದಕ್ಕೆ ಬೀಸಿಕೊಂಡು ಹೋಗಿ ಬುಡದಲ್ಲೇ ಲಟಕ್ಕನೆ ಮುರಿಯಿತು. ಐದು ದಾರ, ಅದರಲ್ಲಿ ಮೂರು ಮೀನು, ಎಲ್ಲ ಹೋಯಿತು. ಬಂದರಿಗೆ ಬಂದಮೇಲೆ ಎಲ್ಲರ ಎದುರಿಗೆ ನಾನು ಅಂದೆ, "ಇಳಿ ಕೆಳಗೆ. ನಿನ್ನಂಥ ನಾಲಿಗೆಯವನು ಇರೋ ದೋಣೀಲಿ ನಾನು ಕಾಲಿಡಲ್ಲ."

ಅವನು ಒಂದು ಮಾತೂ ಆಡದೆ ಇಳಿದುಹೋದ. ಮೂವತ್ತು ವರ್ಷ ಜೊತೆಗೆ ದುಡಿದವನು! ನಾನು ಆಡಿದ ಮಾತು ಬಂದರಿನ ಮೆಟ್ಟಿಲು ಹತ್ತಿ ಊರೆಲ್ಲ ಸುತ್ತಿತು. ಒಂಬತ್ತು ತಿಂಗಳು ಯಾವ ದೋಣಿಯವರೂ ಅವನನ್ನು ಕರೆಯಲಿಲ್ಲ. ಸಮುದ್ರ ಬಿಟ್ಟರೆ ಬೇರೆ ಗೊತ್ತಿಲ್ಲದವನು ದಡದ ಮೇಲೆ ಹೆಂಗಸರ ಜೊತೆ ಕೂತು ಬಲೆ ಹೊಲಿದ. ಬಾರಿಗೆ ಅವನು ಬಂದರೆ ಜನ ಮೇಜಿನ ಕೆಳಗೆ ಕಬ್ಬಿಣ ತಡಕಾಡುತ್ತಿದ್ದರು. ನಾನು ಅದನ್ನು ನೋಡುತ್ತಿದ್ದೆ, ಮಿರೆಂಚು, ನೋಡಿ, ಹಾಗೇ ಆಗಲಿ ಅಂದುಕೊಳ್ಳುತ್ತಿದ್ದೆ.

ಹೋದ ಶನಿವಾರ ಹೊಸ ಗಳೆ ನಿಲ್ಲಿಸಲು ಒಬ್ಬನೇ ಹೋದೆ. ಇಬ್ಬರ ಕೆಲಸ ಅದು. ಒಬ್ಬ ಬುಡ ಹಿಡಿದರೆ ಇನ್ನೊಬ್ಬ ಹಗ್ಗ ಎಳೆಯಬೇಕು. ಬುಡ ಕೂರಿಸಿ ಹಗ್ಗಕ್ಕೆ ಓಡಿದರೆ ಬುಡ ಜಾರುತ್ತದೆ, ಬುಡಕ್ಕೆ ಓಡಿದರೆ ತುದಿ ಪಕ್ಕದ ದೋಣಿಯವನ ತಲೆಯ ಮೇಲೆ. ಮೀನು ಮಾರುವ ಶಿಮೋನಾ ದಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನ್ ಬಲೆಂದಿನ್, ಹೆಂಡ್ತಿ ಊರಲ್ಲಿಲ್ಲ ಅಂತ ಗಳೇನ ಅಪ್ಕೊಂಡು ಕುಣೀತಿದೀಯಾ?" ಅಂದಳು. ಇಡೀ ಬಂದರು ನಕ್ಕಿತು. ಕೈ ಕೊಡಲು ಮಾತ್ರ ಒಬ್ಬನೂ ಬರಲಿಲ್ಲ. ಹೆಂಡತಿಯ ತಮ್ಮನನ್ನೇ ಇಳಿಸಿದವನ ದೋಣಿಗೆ ಯಾರು ಬರುತ್ತಾರೆ? ಹೇಗೋ ಏದುಸಿರು ಬಿಡುತ್ತ ನಿಲ್ಲಿಸಿ ಕಟ್ಟಿದೆ. ಇನ್ನು ಬಿಗಿಹಗ್ಗ. ಗಳೆ ಹಿಂದಕ್ಕೆ ಹೋಗದಂತೆ ದೋಣಿಯ ಮೂಗಿನ ಬಳೆಗೆ ಎಳೆದು ಕಟ್ಟುವ ಹಗ್ಗ ಅದು. ಬಳೆಗೂ ಹಗ್ಗಕ್ಕೂ ನಡುವೆ ಒಂದು ಕಬ್ಬಿಣದ ಕೊಂಡಿ ಬೇಕು. ಹಳೆಯ ಕೊಂಡಿ ಗಳೆ ಮುರಿದ ದಿನವೇ ಸಮುದ್ರದ ಪಾಲಾಯಿತು ಅಂದುಕೊಂಡಿದ್ದೆ, ಹಾಗಾಗಿ ಬೇರೆ ಹುಡುಕಲು ಸಾಮಾನಿನ ಡಬ್ಬಿ ಬುಡಮೇಲು ಮಾಡಿದೆ.

ಹಳೆಯ ಕೊಂಡಿ ಅಲ್ಲಿತ್ತು. ಎಣ್ಣೆ ಸವರಿ, ಸೆಪ್ಟೆಂಬರಿನ ಪತ್ರಿಕೆಯ ತುಂಡಿನಲ್ಲಿ ಸುತ್ತಿಟ್ಟಿತ್ತು. ಮೇಲೆ ನನ್ನದೇ ಅಕ್ಷರ: ನಾಳೆ ಹಾಕಬೇಕು. ಆಗ ನೆನಪಾಯಿತು. ತಿರುಪು ತುಕ್ಕು ಹಿಡಿದು ಗಟ್ಟಿಯಾಗಿದೆ, ಎಣ್ಣೆ ಹಾಕೋಣ ಅಂತ ಬಿಚ್ಚಿದ್ದೆ, ಒಂದು ದಿನದ ಮಟ್ಟಿಗೆ ಅಂತ ಬರಿಯ ಹುರಿಯಲ್ಲಿ ಹಗ್ಗ ಕಟ್ಟಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ. ಅದೇ ಹುರಿಯನ್ನು ನಂಬಿಕೊಂಡು ಆರು ದಿನ ಮೀನಿಗೆ ಹೋಗಿದ್ದೇನೆ. ಗಳೆ ಮುರಿದದ್ದು ಬಿತ್ತೋರನ ಬಾಯಿಯಿಂದಲ್ಲ, ನನ್ನ ಕೈಯಿಂದ. ನಾನು ದೋಣಿಯಲ್ಲೇ ಕೂತುಬಿಟ್ಟೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಶಿಮೋನಾ ಮೀನೆಲ್ಲ ಮಾರಿ ಮನೆಗೆ ಹೋಗಿದ್ದಳು.

ನೆಟ್ಟಗೆ ಅವನ ಮನೆಗೆ ಹತ್ತಿದೆ. ಅವನು ಹಿತ್ತಿಲಿನಲ್ಲಿ ಮೆಣಸಿನ ಗಿಡಗಳಿಗೆ ನೀರು ಹಾಕುತ್ತಿದ್ದ. ಕೊಂಡಿಯನ್ನು ಕಲ್ಲಿನ ಮೇಲಿಟ್ಟೆ. ಅವನು ಅದನ್ನು ನೋಡಿ, ನನ್ನನ್ನು ನೋಡಿ, "ಸಿಕ್ತಾ?" ಅಂದ. ಅಷ್ಟೇ. "ನಿಂಗೆ ಗೊತ್ತಿತ್ತೇನೋ?" ಅಂದೆ. "ಗಳೆ ಮುರಿದ ತಕ್ಷಣ ಮುಂದಕ್ಕೆ ಹೋದೆನಲ್ಲ ಭಾವ, ಬಳೇಲಿ ಹುರಿ ತುಂಡು ನೇತಾಡ್ತಿತ್ತು. ಕುಯ್ದು ನೀರಿಗೆ ಹಾಕ್ದೆ, ಬಂದರಲ್ಲಿ ಯಾರೂ ನೋಡಬಾರ್ದು ಅಂತ" ಅಂದ. ನಾನು ರೇಗಿದೆ, ನೋಡು ನನ್ನ ಬುದ್ಧಿ! "ಬಾಯಿ ಬಿಡೋಕೆ ಏನಾಗಿತ್ತು ನಿಂಗೆ? ಒಂಬತ್ತು ತಿಂಗಳು!" ಅಂದೆ. ಅವನು ನೀರಿನ ಡಬ್ಬ ಕೆಳಗಿಟ್ಟ. "ನಾಲಿಗೆ ಸರಿಯಿಲ್ಲ ಅನ್ನಿಸ್ಕೊಂಡೋನನ್ನ ಒಂದು ವರ್ಷ ಕಳೆದ್ರೆ ಯಾರಾದ್ರೂ ದೋಣಿ ಹತ್ತಿಸ್ಕೋತಾರೆ. ಮರೆವು ಬಂದಿದೆ ಅನ್ನಿಸ್ಕೊಂಡ ತಾಂಡೇಲನ ದೋಣಿ ಯಾರು ಹತ್ತುತಾರೆ ಭಾವ?"

ಅತ್ತುಬಿಟ್ಟೆ, ಮಿರೆಂಚು. ನಮ್ಮಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅವನು ಅತ್ತಿತ್ತ ನೋಡಿ, "ಏಯ್, ಥೂ, ಎದ್ದೇಳು, ಪಕ್ಕದ ಮನೆಯೋರು ನಾನು ನಿಂಗೆ ಹೊಡೆದೆ ಅಂದ್ಕೋತಾರೆ" ಅಂತ ಒಳಗೆ ಎಳೆದುಕೊಂಡು ಹೋಗಿ, ಮೆಣಸಿನಕಾಯಿ ಹಾಕಿ ನಾಲ್ಕು ಮೊಟ್ಟೆ ಹುರಿದು ಇಟ್ಟ. ಎಂಥ ತಮ್ಮನನ್ನು ಪಡೆದಿದ್ದೀಯೆ ನೀನು. ಮೊಟ್ಟೆಗೆ ಉಪ್ಪು ಮಾತ್ರ ಜಾಸ್ತಿಯಾಗಿತ್ತು.

ಭಾನುವಾರ ಚರ್ಚಿನ ಪೂಜೆ ಮುಗಿದಮೇಲೆ ಇಡೀ ಊರು ಬಾರಿನಲ್ಲಿದ್ದಾಗ ನಾನು ಎದ್ದು ನಿಂತೆ. ಕೊಂಡಿಯನ್ನೂ ಆ ಪತ್ರಿಕೆಯ ತುಂಡನ್ನೂ ಎತ್ತಿ ತೋರಿಸಿ ಎಲ್ಲ ಹೇಳಿದೆ. ಬಿತ್ತೋರ ನನ್ನ ಅಂಗಿ ಹಿಡಿದು ಜಗ್ಗುತ್ತಿದ್ದ, ಮುಖ ಕೆಂಪಗಾಗಿತ್ತು, ನಾನು ಬಿಡಲಿಲ್ಲ. ಕೊನೆಗೆ ಶಿಮೋನಾ, "ಒಂಬತ್ತು ತಿಂಗಳು ಹೊತ್ತು ಹೆತ್ತೆ ನೋಡು ಸತ್ಯಾನ, ನಿನ್ನ ಮಗಳೇ ವಾಸಿ, ಅಷ್ಟರಲ್ಲಿ ಎರಡು ಹೆತ್ತಳು" ಅಂದಳು. ಅಲ್ಲಿಂದಾಚೆ ಯಾರು ಬಿತ್ತೋರನಿಗೆ ವೈನ್ ಕೊಡಿಸಬೇಕು ಅನ್ನುವುದೇ ಜಗಳವಾಯಿತು. ಅವನು ನನ್ನ ಮೇಲೆ ಸಿಟ್ಟುಮಾಡಿಕೊಂಡು ಸಂಜೆಯವರೆಗೂ ಮಾತು ಬಿಟ್ಟಿದ್ದ, ಆದರೆ ಅದು ಬೇರೆ ಥರದ ಮೌನ, ಊಟಕ್ಕೆ ನಮ್ಮನೆಗೇ ಬಂದಿದ್ದ.

ಸೋಮವಾರದಿಂದ ಮೂರು ದಿನ ಇಬ್ಬರೂ ಸೇರಿ ಎಲ್ಲ ಸಿದ್ಧ ಮಾಡಿದೆವು. ನಾನು ಒಂಟಿಯಾಗಿ ಕಟ್ಟಿದ್ದನ್ನು ಅವನು ಪೂರ್ತಿ ಬಿಚ್ಚಿಸಿದ. ಗಳೆ ಒಂದು ಗೇಣು ಹಿಂದಕ್ಕೆ ವಾಲಿದೆ ಅಂದ, ಹೌದಾಗಿತ್ತು. ಅವನು ದಾರ ಅಳೆದ, ನಾನು ಗಾಳಕ್ಕೆ ಸಿಪ್ಪೆ ಕಟ್ಟಿದೆ. ಮೀನು ಜಗ್ಗಿದಾಗ ದಾರ ಹರಿಯದಂತೆ ಪ್ರತಿ ದಾರದ ಬುಡಕ್ಕೆ ಹಾಕುವ ರಬ್ಬರ್ ತುಂಡು ಎಷ್ಟುದ್ದ ಇರಬೇಕು ಅಂತ ಎಂದಿನ ಹಾಗೆ ಕಿತ್ತಾಡಿದೆವು. ಕೊಂಡಿಯನ್ನು ಅವನೇ ತಿರುಪಿದ, ನಾನು ಇಕ್ಕಳ ಹಿಡಿದು ಮತ್ತೊಂದು ಸುತ್ತು ಬಿಗಿ ಮಾಡಿದೆ. ನಿನ್ನೆ ಬೆಳಗ್ಗೆ ಪರೀಕ್ಷೆಗೆ ಅಂತ ಹೊರಟೆವು. ಗಳೆ ಇಳಿಸಿ ಹತ್ತೂ ದಾರ ಬಿಟ್ಟಾಗ ಎಷ್ಟು ಸಂತೋಷವಾಯಿತು ಅಂದರೆ, ಹಾಡು ಬಾರದವನು ಹಾಡಿದೆ. ಹತ್ತೂವರೆಗೆ ಹೊಸ ಗಳೆಯ ಮೂರನೇ ದಾರ ಬಿಗಿಯಿತು. ಆರು ಕಿಲೋದ ಟ್ಯೂನಾ. ಆಮೇಲೆ ಇನ್ನೂ ನಾಲ್ಕು. ಒಂದನ್ನು ಅಲ್ಲೇ ಆಲೂಗಡ್ಡೆ ಹಾಕಿ ಬೇಯಿಸಿದೆವು, ಒಂದೇ ಪಾತ್ರೆಯಿಂದ ಇಬ್ಬರೂ ತಿಂದೆವು. ಆ ಕರಿ ಕೋಟಿನವನ ಹೆಸರನ್ನು ಮಾತ್ರ ದೋಣಿಯಲ್ಲಿ ಎತ್ತಕೂಡದು ಅಂತ ನಾನು ಈಗಲೂ ಕಟ್ಟುನಿಟ್ಟಾಗಿ ಹೇಳಿದ್ದೇನೆ. ತಪ್ಪು ನನ್ನದಾದರೂ ನಿಯಮ ನಿಯಮವೇ.

ಆದ್ದರಿಂದ ನೀನು ನಿಶ್ಚಿಂತೆಯಾಗಿ ಮಗಳ ಆರೈಕೆ ಮುಗಿಸಿಕೊಂಡು ಬಾ. ನೆಕಾನೆಯ ತಲೆ ಸವರಿ ಅಪ್ಪ ಕೇಳಿದ ಅಂತ ಹೇಳು. ಗರಾಸಿಗೂ ಉನೈಗೂ ದೇವರು ಗಟ್ಟಿ ಪುಪ್ಪುಸ ಕೊಡಲಿ, ಗರಾಸಿಗೆ ಆಗಲೇ ಕೊಟ್ಟಿದ್ದಾನೆ. ಅಳಿಯನಿಗೂ ಒಂದು ನಮಸ್ಕಾರ, ಅವನು ಹಾಲು ತರುವಷ್ಟು ದಿನ ಮಾತ್ರ.

ನಿನ್ನದೇ,
ಬಲೆಂದಿನ್

ಮ.ವಿ.: ಬಸ್ಸು ಬಂದು ನಿಂತಿದೆ, ಚಾಲಕನ ಕೈಯಲ್ಲೇ ಈ ಕಾಗದ ಕಳಿಸುತ್ತೇನೆ, ಅದಕ್ಕೇ ಗಡಿಬಿಡಿ. ನಿನ್ನೆ ವಾಪಸ್ ಬರುವಾಗ ಗಳೆಯ ತುದಿಯ ಎರಡು ದಾರ ಎಳೆದುಕೊಳ್ಳುವುದನ್ನೇ ಮರೆತು ದೋಣಿ ತಿರುಗಿಸಿದೆ. ಬಿತ್ತೋರ ಏನೂ ಅನ್ನದೆ ಓಡಿಹೋಗಿ ಎಳೆದುಕೊಂಡ, ನೋಡಿಯೂ ನೋಡದ ಹಾಗಿದ್ದ. ಇನ್ನೊಂದು ಸಲ ಅವನ ಕೈಯಲ್ಲಿ ನನ್ನ ತಪ್ಪು ಹೊರಿಸಲಾರೆ. ಇವತ್ತು ಬೆಳಗ್ಗೆ ಮೀನುಗಾರರ ಸಂಘಕ್ಕೆ ಹೋಗಿ 'ಫೆಲಿಪಾ'ದ ತಾಂಡೇಲ ಅನ್ನುವ ಕಡೆ ನನ್ನ ಹೆಸರು ಹೊಡೆದುಹಾಕಿಸಿ ಅವನ ಹೆಸರು ಬರೆಸಿದೆ. ನಾನು ಗಾಳ ನೋಡಿಕೊಳ್ಳುತ್ತೇನೆ, ಅಡಿಗೆ ಮಾಡುತ್ತೇನೆ. ಅವನಿಗೆ ಇನ್ನೂ ಗೊತ್ತಿಲ್ಲ. ನಾನು ಹೇಳಿದರೆ ಸಂಘದ ಆ ಕಾಗದ ಹರಿದುಹಾಕುತ್ತಾನೆ, ಆದರೆ ಅಕ್ಕನ ಮಾತು ಮೀರುವುದಿಲ್ಲ, ನೀನೇ ಫೋನ್ ಮಾಡಿ ಹೇಳು. ಭಾವ ಮರೆತು ಕೊಟ್ಟದ್ದಲ್ಲ, ನೆನಪಿರುವಾಗಲೇ ಕೊಟ್ಟಿದ್ದಾನೆ ಅಂತ ಹೇಳು.